ಬಿಬ್‌ನ ಬೆನ್ನ ಮೇಲಿನ ಬರಹ

ಜನವರಿಯ ಮೂರನೆಯ ಭಾನುವಾರ ನಡೆಯುವ ಮುಂಬೈ ಮ್ಯಾರಥಾನ್‌ನ ಹಿಂದಿನ ರಾತ್ರಿ. ಮಾಟುಂಗದಲ್ಲಿ ಸೋದರತ್ತೆಯ ಮನೆಯ ಮಂಚದ ಮೇಲೆ ಮರುದಿನ ಬೇಕಾದದ್ದನ್ನೆಲ್ಲ ಹರಡಿಕೊಂಡು ಕುಳಿತಿದ್ದೆ. ಮೂರು ತಿಂಗಳು ತೊಟ್ಟು ಪಾದಕ್ಕೆ ಒಗ್ಗಿದ ಶೂ, ಹಲವು ಸಲ ಒಗೆದ ಕಾಲುಚೀಲ, ಟೋಪಿ, ವ್ಯಾಸಲೀನ್ ಡಬ್ಬಿ, ಓಡುವಾಗ ಶಕ್ತಿಗೆಂದು ನುಂಗುವ ಸಿಹಿ ಜೆಲ್‌ನ ಐದು ಪೊಟ್ಟಣ, ನಾಲ್ಕು ಸೇಫ್ಟಿ ಪಿನ್, ನನ್ನ ನಂಬರ್ ಅಚ್ಚಾದ, ಎದೆಗೆ ಸಿಕ್ಕಿಸಿಕೊಳ್ಳುವ ಬಿಬ್. ಅತ್ತೆ ಬಂದು ಬಿಬ್ ಎತ್ತಿಕೊಂಡರು. ಮುಂದಿನ ನಂಬರ್ ನೋಡಿದರು, ಹಿಂದಕ್ಕೆ ತಿರುಗಿಸಿದರು, ಕನ್ನಡಕ ಸರಿಪಡಿಸಿಕೊಂಡರು.

“ಇಲ್ಲಿ ಬರೆಯುವುದಕ್ಕೆ ಗೆರೆ ಹಾಕಿ ಕೊಟ್ಟಿದ್ದಾರೆ. ನೀನು ಖಾಲಿ ಬಿಟ್ಟಿದ್ದೀಯಲ್ಲ.”

“ಬೆಳಿಗ್ಗೆ ಬರೆಯುತ್ತೇನೆ ಅತ್ತೆ.”

“ಮೂರು ಗಂಟೆಗೆ ಎದ್ದು ಬರೆಯುತ್ತೀಯಾ? ಪೆನ್ನು ಕೊಡು ಇಲ್ಲಿ.”

ಅತ್ತೆ ಮುಂಬೈ ಮಹಾನಗರಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು. ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದ ಅದೇ ದುಂಡು ಅಕ್ಷರದಲ್ಲಿ ನನ್ನ ಹೆಸರು, ರಕ್ತದ ಗುಂಪು, ಮೈಸೂರಿನಲ್ಲಿರುವ ನನ್ನ ಗಂಡನ ನಂಬರ್, ಅದರ ಕೆಳಗೆ ತಮ್ಮ ನಂಬರ್, ಕೊನೆಗೆ “ಥೈರಾಯ್ಡ್ ಮಾತ್ರೆ ಸೇವಿಸುತ್ತಾರೆ” ಎಂದು ಇಂಗ್ಲಿಷಿನಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ ಬರೆದರು. ಎಲ್ಲ ಸಾಮಾನುಗಳಲ್ಲಿ ಇದೇ ಮುಖ್ಯವಾದದ್ದು ಎಂಬುದು ಆ ಹೊತ್ತಿಗೆ ನನಗೆ ಹೊಳೆದಿರಲಿಲ್ಲ.

ಮೊದಲ ಬಾರಿ ಪೂರ್ಣ ಮ್ಯಾರಥಾನ್, ಅಂದರೆ 42 ಕಿಲೋಮೀಟರ್ ಚಿಲ್ಲರೆ, ಓಡುವವರಿಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ದೇಹದ ಬಗ್ಗೆ ಇರುತ್ತವೆ. ಎಷ್ಟು ಓಡಬೇಕು, ಏನು ತಿನ್ನಬೇಕು, ಯಾವ ಶೂ ಕೊಳ್ಳಬೇಕು. ನಾನೂ ಐದು ತಿಂಗಳು ಅವನ್ನೇ ಕೇಳಿಕೊಂಡು ತಿರುಗಿದೆ. ಅಷ್ಟು ದಿನವೂ ಓಡಿದ್ದು ಒಬ್ಬಳೇ. ಕುಕ್ಕರಹಳ್ಳಿ ಕೆರೆಯ ಏರಿ, ಲಲಿತಮಹಲ್ ರಸ್ತೆ, ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ನಾನು ನಿಂತರೆ ನಿಂತೆ, ಉಗುಳಿದರೆ ಉಗುಳಿದೆ, ಯಾರಿಗೂ ತೊಂದರೆ ಇರಲಿಲ್ಲ. ಸಾವಿರಾರು ಜನರ ನಡುವೆ ಒಂದೇ ರಸ್ತೆಯಲ್ಲಿ ಐದಾರು ಗಂಟೆ ಓಡುವಾಗ ನನ್ನ ಒಂದೊಂದು ಹೆಜ್ಜೆಯೂ ಇನ್ನೊಬ್ಬರ ಹೆಜ್ಜೆಗೆ ತಗಲುತ್ತದೆ ಎಂಬುದನ್ನು ಯಾರೂ ಹೇಳಿರಲಿಲ್ಲ. ಈ ಬರಹ ಮುಖ್ಯವಾಗಿ ಅದಕ್ಕಾಗಿ.

ತಯಾರಿಯ ಬಗ್ಗೆ ಹೇಳಲೇಬೇಕಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ವಾರಕ್ಕೆ ನಾಲ್ಕು ದಿನ ಓಡುತ್ತಿದ್ದೆ, ಭಾನುವಾರ ಉದ್ದದ ಓಟ. ಅತಿ ಉದ್ದದ್ದು 32 ಕಿಲೋಮೀಟರ್, ಅದೂ ಮ್ಯಾರಥಾನ್‌ಗೆ ಮೂರು ವಾರ ಇರುವಾಗ. ಆಮೇಲೆ ಓಟ ಇಳಿಸುತ್ತ ಬರಬೇಕು, ಓಟಗಾರರು ಅದನ್ನು ಟೇಪರ್ ಎನ್ನುತ್ತಾರೆ. ಆ ಮೂರು ವಾರ ಬಹಳ ಕಷ್ಟದವು. ಕಾಲಿಗೆ ಬಿಡುವು ಸಿಕ್ಕಂತೆ ಮನಸ್ಸಿಗೆ ಭಯ ಹತ್ತುತ್ತದೆ, ಮೊಣಕಾಲಿನಲ್ಲಿ ಇಲ್ಲದ ನೋವು ಕಾಣಿಸಿಕೊಳ್ಳುತ್ತದೆ, ಇನ್ನೊಂದು ಉದ್ದದ ಓಟ ಓಡಿಬಿಡೋಣ ಎಂದು ಜೀವ ಹಾತೊರೆಯುತ್ತದೆ. ಓಡಬಾರದು. ಆ ಹೊತ್ತಿಗೆ ಬರಬೇಕಾದ ಶಕ್ತಿ ಬಂದಾಗಿರುತ್ತದೆ, ಕೆಡಿಸಿಕೊಳ್ಳುವುದಕ್ಕೆ ಮಾತ್ರ ಸಮಯ ಉಳಿದಿರುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು 28 ಕಿಲೋಮೀಟರಿನ ಒಂದು ತಾಲೀಮು. ನಾಟಕದವರು ಬಣ್ಣ ಹಚ್ಚಿಕೊಂಡು ಕೊನೆಯ ತಾಲೀಮು ಮಾಡುವ ಹಾಗೆ ಅಂದು ಮ್ಯಾರಥಾನ್ ದಿನದ ಬಟ್ಟೆಯನ್ನೇ ತೊಟ್ಟೆ, ಅಂದಿನಂತೆಯೇ ಮೂರು ಗಂಟೆಗೆ ಎದ್ದೆ, ಅಂದು ತಿನ್ನಬೇಕಾದ ಎರಡು ಇಡ್ಲಿ, ಬೆಲ್ಲ, ಬಾಳೆಹಣ್ಣನ್ನೇ ತಿಂದೆ. ಎರಡು ಸಂಗತಿ ಗೊತ್ತಾದವು. ಹೊಸ ಒಳಉಡುಪಿನ ಹೊಲಿಗೆ ಪಕ್ಕೆಲುಬಿನ ಕೆಳಗೆ ಉಜ್ಜಿ ಚರ್ಮ ಕಿತ್ತಿತು, ಸ್ನಾನದ ನೀರು ಬಿದ್ದಾಗ ಕಿರುಚಿದೆ. ಕಾಫಿ ಅಂಶವಿರುವ ಜೆಲ್ ಹೊಟ್ಟೆಗೆ ಒಗ್ಗಲಿಲ್ಲ, ಬೇರೆ ಬಗೆಯದಕ್ಕೆ ಬದಲಾಯಿಸಿದೆ. ಈ ಎರಡೂ ಮುಂಬೈಯಲ್ಲಿ ಗೊತ್ತಾಗಿದ್ದರೆ ಓಟ ಅಲ್ಲೇ ಮುಗಿಯುತ್ತಿತ್ತು. ಉಜ್ಜುವ ಕಡೆಗಳಿಗೆಲ್ಲ, ತೋಳಿನ ಸಂದು, ತೊಡೆ, ಬ್ರಾ ಪಟ್ಟಿಯ ಅಂಚು, ಕಾಲ್ಬೆರಳುಗಳ ನಡುವೆ ಧಾರಾಳವಾಗಿ ವ್ಯಾಸಲೀನ್ ಹಚ್ಚಬೇಕು. ಗಂಡಸರು ಮೊಲೆತೊಟ್ಟುಗಳ ಮೇಲೆ ಟೇಪು ಅಂಟಿಸಿಕೊಳ್ಳಬೇಕು. ಅಂಟಿಸಿಕೊಳ್ಳದವರ ಅಂಗಿಯ ಮೇಲೆ ಎರಡು ಕೆಂಪು ಗೆರೆ ಇಳಿದಿದ್ದನ್ನು ಅಂದು ಹತ್ತಾರು ಕಡೆ ಕಂಡೆ.

ಹೆಂಗಸರಿಗೆ ಇನ್ನೊಂದು ಲೆಕ್ಕವಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲವಾದ್ದರಿಂದ ಹೇಳುತ್ತೇನೆ. ನವೆಂಬರಿನಲ್ಲಿ ಕ್ಯಾಲೆಂಡರ್ ಎಣಿಸಿದಾಗ ಮುಟ್ಟಿನ ಎರಡನೆಯ ದಿನ ಸರಿಯಾಗಿ ಮ್ಯಾರಥಾನ್ ಭಾನುವಾರಕ್ಕೇ ಬೀಳುತ್ತಿತ್ತು. ಮುಂದೂಡುವ ಮಾತ್ರೆ ನುಂಗು ಎಂದು ಕೆಲವರು ಹೇಳಿದರು. ವೈದ್ಯರನ್ನು ಕೇಳದೆ ಹಾಗೆ ಮಾಡಬಾರದು. ನಾನು ಕೇಳಿ, ಯೋಚಿಸಿ, ಬೇಡ ಎಂದು ತೀರ್ಮಾನಿಸಿದೆ. ಬದಲಿಗೆ ಡಿಸೆಂಬರಿನಲ್ಲಿ ಎರಡನೆಯ ದಿನವೇ 24 ಕಿಲೋಮೀಟರ್ ಓಡಿ ನೋಡಿದೆ. ಎಷ್ಟು ಹೊತ್ತಿಗೆ ಬದಲಾಯಿಸಬೇಕಾಗುತ್ತದೆ, ಎಲ್ಲಿ ಉಜ್ಜುತ್ತದೆ, ಸೊಂಟ ಎಲ್ಲಿ ಹಿಡಿಯುತ್ತದೆ ಎಂಬುದು ತಿಳಿಯಿತು. ತಿಳಿದ ಮೇಲೆ ಭಯ ಹೋಯಿತು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ವರೆಗೆ ಹೆಂಗಸರಿಗೆ ಒಲಿಂಪಿಕ್ ಮ್ಯಾರಥಾನ್ ಇರಲೇ ಇಲ್ಲ, ನಾನು ಒಂದನೆಯ ತರಗತಿಗೆ ಸೇರಿದ ವರ್ಷ ಅದು. ಇಷ್ಟು ದೂರ ಹೆಣ್ಣಿನ ದೇಹಕ್ಕೆ ಆಗದು ಎಂದು ಅಷ್ಟು ಕಾಲ ನಂಬಿದ್ದರಲ್ಲ ಎಂದು ಆ 24 ಕಿಲೋಮೀಟರ್ ಮುಗಿಸಿ ಕೆರೆಯ ಕಲ್ಲುಬೆಂಚಿನ ಮೇಲೆ ಕುಳಿತಾಗ ಅನ್ನಿಸಿ ಕಣ್ಣು ತುಂಬಿತ್ತು.

ಉದ್ಯಾನ್ ಎಕ್ಸ್‌ಪ್ರೆಸ್ ಶುಕ್ರವಾರ ಸಂಜೆ ದಾದರಿನಲ್ಲಿ ಇಳಿಸಿತು. ಬಿಬ್ ಪಡೆಯುವುದು ಶನಿವಾರ, ಬಾಂದ್ರಾ ಕುರ್ಲಾ ಸಂಕೀರ್ಣದ ಎಕ್ಸ್‌ಪೋದಲ್ಲಿ. ಓಟದ ದಿನ ಬಿಬ್ ಕೊಡುವುದಿಲ್ಲ, ಗುರುತಿನ ಚೀಟಿ ಮತ್ತು ನೋಂದಣಿಯ ದೃಢೀಕರಣ ಪತ್ರ ಒಯ್ಯಲೇಬೇಕು. ಬಿಬ್ ಹದಿನೈದು ನಿಮಿಷದಲ್ಲಿ ಕೈಗೆ ಸಿಕ್ಕಿತು. ಆಮೇಲೆ ಎರಡು ಗಂಟೆ ಮಳಿಗೆಗಳ ನಡುವೆ ಸುತ್ತಿದೆ, ಶೂ ಮುಟ್ಟಿ ನೋಡಿದೆ, ಭಾಷಣ ಕೇಳುತ್ತ ನಿಂತೆ. ಮನೆಗೆ ಬರುವಾಗ ಕಾಲು ಭಾರವಾಗಿತ್ತು. ಮ್ಯಾರಥಾನ್‌ನ ಹಿಂದಿನ ದಿನ ಕಾಲನ್ನು ಹಾಗೆ ದುಂದು ಮಾಡಬಾರದು. ಸಾಧ್ಯವಿದ್ದವರು ಒಂದು ದಿನ ಮೊದಲೇ ಹೋಗಿ ಬಿಬ್ ತೆಗೆದುಕೊಂಡು ಬರಬೇಕು.

ಅಂದು ನಾನು ಒಬ್ಬಳೇ ಹೋಗಬೇಕಾಗಿ ಬಂದದ್ದಕ್ಕೆ ಕಾರಣವಿತ್ತು. ಜೊತೆಗೆ ನೋಂದಾಯಿಸಿದ್ದ ಗೆಳತಿಗೆ ಡಿಸೆಂಬರಿನಲ್ಲಿ ಪಾದದ ಮೂಳೆ ಬಿರುಕು ಬಿಟ್ಟಿತ್ತು. ಅವಳ ತಮ್ಮ, ಗಟ್ಟಿಮುಟ್ಟಾದ ಹುಡುಗ, ಅಕ್ಕನ ನಂಬರಿನಲ್ಲಿ ತಾನು ಓಡುತ್ತೇನೆ ಎಂದ. ಅವಳು ಒಪ್ಪಲಿಲ್ಲ. ದುಡ್ಡು ಕಟ್ಟಿದ್ದೇವೆ, ವ್ಯರ್ಥವಾಗುತ್ತದೆ ಎಂದು ನಾನೂ ಅವನ ಪರವಾಗಿ ಒಂದು ಮಾತು ಆಡಿದ್ದೆ. “ಅವನು ಎಲ್ಲಾದರೂ ಬಿದ್ದರೆ ಡಾಕ್ಟರ ಕೈಯಲ್ಲಿ ನನ್ನ ಹೆಸರು, ನನ್ನ ವಯಸ್ಸು, ನನ್ನ ರಕ್ತದ ಗುಂಪು ಇರುತ್ತದಲ್ಲೇ” ಎಂದಳು. ಹಾಗೆ ಓಡುವುದು ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಇಬ್ಬರನ್ನೂ ಅನರ್ಹಗೊಳಿಸಬಹುದು ಎಂಬುದಕ್ಕಿಂತ ಅವಳ ಈ ಒಂದು ಮಾತು ನನ್ನ ಬಾಯಿ ಮುಚ್ಚಿಸಿತು.

ಬೆಳಗಿನ ಜಾವ ಎರಡೂಮುಕ್ಕಾಲಿಗೆ ಅತ್ತೆ ಇಡ್ಲಿ ಬೇಯಿಸುತ್ತಿದ್ದರು. ಹಿಂದಿನ ರಾತ್ರಿ ಅನ್ನ, ತಿಳಿಸಾರು, ಮೊಸರು ಮಾತ್ರ ಉಂಡಿದ್ದೆ. ಸಂಕ್ರಾಂತಿ ಕಳೆದು ಕೆಲವೇ ದಿನವಾಗಿತ್ತು, ಮೈಸೂರಿನಿಂದ ಅಮ್ಮ ಕಳಿಸಿದ್ದ ಎಳ್ಳುಬೆಲ್ಲದ ಡಬ್ಬಿ ಮೇಜಿನ ಮೇಲಿತ್ತು. ಅದನ್ನು ಮುಟ್ಟಲಿಲ್ಲ. ಅಭ್ಯಾಸದಲ್ಲಿ ತಿನ್ನದ ಏನನ್ನೂ ಓಟದ ದಿನ ತಿನ್ನಬಾರದು. ಸರಿಯಾಗಿ ನಿದ್ದೆ ಬಂದಿರಲಿಲ್ಲ, ಬರುವುದೂ ಇಲ್ಲ ಎಂದು ಗೊತ್ತಿತ್ತು. ಅದಕ್ಕೇ ಶುಕ್ರವಾರ ರಾತ್ರಿ ಒಂಬತ್ತಕ್ಕೇ ಮಲಗಿದ್ದೆ. ಕೊನೆಯ ರಾತ್ರಿಯ ನಿದ್ದೆಗಿಂತ ಅದರ ಹಿಂದಿನ ರಾತ್ರಿಯ ನಿದ್ದೆ ಹೆಚ್ಚು ಕೈಹಿಡಿಯುತ್ತದೆ.

ಮ್ಯಾರಥಾನ್‌ಗೆಂದೇ ಆ ಹೊತ್ತಿನಲ್ಲಿ ವಿಶೇಷ ಲೋಕಲ್ ರೈಲುಗಳು ಓಡುತ್ತವೆ. ಬೋಗಿಯ ತುಂಬ ಓಟಗಾರರು. ಬಾಳೆಹಣ್ಣಿನ ಮತ್ತು ನೋವಿನ ಮುಲಾಮಿನ ವಾಸನೆ ಒಂದರೊಳಗೊಂದು ಬೆರೆತಿತ್ತು. ಎದುರಿಗೆ ಕುಳಿತಿದ್ದ ಒಬ್ಬರು, ಐದಾರು ಮ್ಯಾರಥಾನ್ ಮುಗಿಸಿದವರಂತೆ, ಮೊದಲ ಸಲವಾ ಎಂದು ಕೇಳಿ ಪ್ರೀತಿಯಿಂದ ಒಂದು ನೋವಿನ ಮಾತ್ರೆ ಮುಂದೆ ಚಾಚಿದರು, ಈಗಲೇ ನುಂಗಿದರೆ ಕೊನೆಯ ಹತ್ತು ಕಿಲೋಮೀಟರ್ ಹಗುರ ಎಂದರು. ಕೈಮುಗಿದು ಬೇಡ ಎಂದೆ. ಬೆವರಿ ದೇಹದ ನೀರು ಇಳಿದಿರುವಾಗ ಐಬುಪ್ರೊಫೆನ್‌ನಂಥ ಮಾತ್ರೆಗಳು ಮೂತ್ರಪಿಂಡದ ಮೇಲೆ ಭಾರ ಹಾಕುತ್ತವೆ, ಓಟಕ್ಕೆ ಮುಂಚೆ ನುಂಗಬೇಡ ಎಂದು ನಮ್ಮ ವೈದ್ಯರು ಖಡಾಖಂಡಿತವಾಗಿ ಹೇಳಿದ್ದರು.

ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನ ಹೊರಗೆ ದೀಪಗಳ ಬೆಳಕಿನಲ್ಲಿ ಜನಸಾಗರ. ಚೀಲ ಒಪ್ಪಿಸುವ ಸಾಲು, ಶೌಚಾಲಯದ ಸಾಲು. ಎರಡನೆಯದರಲ್ಲಿ ಅರ್ಧ ಗಂಟೆ ಹೋಯಿತು. ಆ ಸಾಲಿಗೆ ಸಮಯ ಇಟ್ಟುಕೊಂಡೇ ಮನೆ ಬಿಡಬೇಕು. ಕಾಗದದ ಕರವಸ್ತ್ರ ಜೇಬಿನಲ್ಲಿರಲಿ, ಮುಂದಿನವರಿಗೂ ಒಂದು ಕೊಡುವಷ್ಟು. ಸಾಲು ತಪ್ಪಿಸಿ ಗೋಡೆಯ ಮರೆಗೆ ಹೋಗುವವರನ್ನು ಕಂಡು ನನಗೆ ನಿಜಕ್ಕೂ ಸಿಟ್ಟು ಬಂತು. ಈ ಊರು ನಮಗಾಗಿ ತನ್ನ ರಸ್ತೆಗಳನ್ನು ಅರ್ಧ ದಿನ ಬಿಟ್ಟುಕೊಟ್ಟಿದೆ.

ಬಿಬ್ ಮೇಲೆ ವಿಭಾಗದ ಅಕ್ಷರ ಇರುತ್ತದೆ. ಹಿಂದೆ ಓಡಿದ ಓಟದ ಸಮಯ ನೋಡಿ ವೇಗದವರನ್ನು ಮುಂದೆ, ನಿಧಾನದವರನ್ನು ಹಿಂದೆ ನಿಲ್ಲಿಸುತ್ತಾರೆ. ನಾನು ಬಹಳ ಹಿಂದೆ. ಹಗ್ಗದಡಿ ನುಸುಳಿ ಮುಂದಿನ ವಿಭಾಗ ಸೇರುವವರು ಅಲ್ಲಲ್ಲಿ ಇದ್ದರು. ಅದರಿಂದ ಅವರಿಗೆ ಒಂದು ಸೆಕೆಂಡಿನ ಲಾಭವೂ ಇಲ್ಲ. ಬಿಬ್‌ಗೆ ಅಂಟಿಸಿದ ಚಿಪ್ ನಾವು ಆರಂಭದ ಚಾಪೆ ತುಳಿದ ಕ್ಷಣದಿಂದ ಎಣಿಸುತ್ತದೆ, ಪಿಸ್ತೂಲಿನ ಸದ್ದಿನಿಂದ ಅಲ್ಲ. ನಿಧಾನದವರೊಬ್ಬರು ವೇಗದವರ ನಡುವೆ ನಿಂತರೆ ಹಿಂದಿನಿಂದ ನೂರಾರು ಜನ ಅವರನ್ನು ಬಳಸಿಕೊಂಡು ಹೋಗಬೇಕು, ಕತ್ತಲೆಯಲ್ಲಿ, ಒಬ್ಬರ ಕಾಲು ಒಬ್ಬರಿಗೆ ತಾಗುವಷ್ಟು ಇಕ್ಕಟ್ಟಿನಲ್ಲಿ.

ಐದು ಗಂಟೆಯ ಸುಮಾರಿಗೆ ಮುಂದಿನವರು ಕದಲಿದರು. ನಾನು ಚಾಪೆ ತುಳಿಯುವಷ್ಟರಲ್ಲಿ ಹಲವು ನಿಮಿಷ ಕಳೆದಿದ್ದವು. ಮೆರೈನ್ ಡ್ರೈವ್ ದೀಪಗಳ ಸಾಲಿನಲ್ಲಿ ಬಾಗಿ ಮಲಗಿತ್ತು, ಎಡಕ್ಕೆ ಕಪ್ಪು ಸಮುದ್ರ. ಮೈಯಲ್ಲಿ ಹಬ್ಬ ತುಂಬಿ ಕಿಲೋಮೀಟರಿಗೆ ಏಳು ನಿಮಿಷದಂತೆ ಹಾರುತ್ತಿದ್ದೆ. ನನ್ನ ಲೆಕ್ಕ ಎಂಟಕ್ಕೆ ಸ್ವಲ್ಪ ಕಡಿಮೆ, ಐದೂವರೆ ಗಂಟೆಯ ಓಟ. ಐದೂವರೆಯ ಬಾವುಟ ಹೊತ್ತು ಆ ಸಮಯಕ್ಕೆ ಸರಿಯಾದ ವೇಗದಲ್ಲಿ ಮುಂದೆ ಓಡುವ ಪೇಸರ್ ಎಲ್ಲೋ ಹಿಂದೆ ಉಳಿದಿದ್ದರು. ಗಡಿಯಾರ ನೋಡಿ, ಹಲ್ಲು ಕಚ್ಚಿ, ವೇಗ ಇಳಿಸಿದೆ. ಮೊದಲ ಹತ್ತು ಕಿಲೋಮೀಟರಿನಲ್ಲಿ ಗಳಿಸಿದ ನಿಮಿಷಗಳನ್ನು ಕೊನೆಯ ಹತ್ತು ಬಡ್ಡಿ ಸಮೇತ ವಸೂಲು ಮಾಡುತ್ತದೆ. ಇಪ್ಪತ್ತು ವರ್ಷ ಬ್ಯಾಂಕಿನಲ್ಲಿ ದುಡಿದವಳಿಗೆ ಈ ಲೆಕ್ಕ ಅರ್ಥವಾಗುತ್ತದೆ.

ನನ್ನ ತಪ್ಪು ನಡೆದದ್ದು ಚೌಪಾಟಿಯ ಹತ್ತಿರ. ನೀರಿನ ಮೇಜು ಕಂಡಿತು. ಕೆರೆಯ ಏರಿಯ ಮೇಲೆ ನಿಲ್ಲುತ್ತಿದ್ದ ಹಾಗೆ ಮೊದಲ ಮೇಜಿನ ಎದುರು ಥಟ್ಟನೆ ನಿಂತೆ. ಹಿಂದಿನಿಂದ ಬರುತ್ತಿದ್ದ ಹಿರಿಯರೊಬ್ಬರು ನನ್ನ ಬೆನ್ನಿಗೆ ಬಡಿದು, ತಪ್ಪಿಸಿಕೊಳ್ಳಲು ಹೋಗಿ, ಒದ್ದೆ ರಸ್ತೆಯಲ್ಲಿ ಜಾರಿ ಕೈಯೂರಿ ಬಿದ್ದರು. ಅಂಗೈ ತರಚಿ ರಕ್ತ ಬಂತು. ಅರವತ್ತು ದಾಟಿದವರು. ನಾನು ಕೈಹಿಡಿದು ಎಬ್ಬಿಸುತ್ತ ಕ್ಷಮೆ ಕೇಳಿದೆ. ಅವರು ಎದ್ದು ಅಂಗೈಯನ್ನು ಅಂಗಿಗೆ ಒರೆಸಿಕೊಂಡು, ಬೈಯದೆ, ಮೇಜುಗಳ ಸಾಲಿನ ಕೊನೆಯತ್ತ ಬೆರಳು ತೋರಿಸಿದರು. “ಪುಢೇ ಚಲಾ ತಾಈ, ಪುಢೇ.” ಮುಂದೆ ನಡೆಯಿರಿ ಅಕ್ಕಾ, ಮುಂದೆ.

ಮುಂದಿನ ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್ ಆ ಮಾತು ನನ್ನ ಕಿವಿಯಲ್ಲಿತ್ತು. ನೀರು ತೆಗೆದುಕೊಳ್ಳುವ ಕ್ರಮ ಸರಳವಾದದ್ದು. ಮೊದಲ ಮೇಜುಗಳ ಮುಂದೆ ಎಲ್ಲರೂ ಮುಗಿಬೀಳುತ್ತಾರೆ, ಕೊನೆಯ ಮೇಜುಗಳು ಖಾಲಿ ಇರುತ್ತವೆ, ಅಲ್ಲಿಗೆ ಹೋಗಬೇಕು. ಅಂಚಿಗೆ ಸರಿಯುವ ಮುಂಚೆ ಒಮ್ಮೆ ಹಿಂದೆ ನೋಡಬೇಕು. ತೆಗೆದುಕೊಂಡು ಮುಂದೆ ಸಾಗುತ್ತ ಕುಡಿಯಬೇಕು, ಖಾಲಿಯಾದದ್ದನ್ನು ಬುಟ್ಟಿಗೆ, ಬುಟ್ಟಿ ತಪ್ಪಿದರೆ ರಸ್ತೆಯ ತೀರಾ ಅಂಚಿಗೆ ಹಾಕಬೇಕು. ಅರ್ಧ ತುಂಬಿದ ಬಾಟಲಿ ರಸ್ತೆಯ ನಡುವೆ ಉರುಳುತ್ತಿದ್ದರೆ ಕಾಲಿನಡಿಗೆ ಕಲ್ಲುಗುಂಡು ಬಂದಂತೆ. ಕೊಟ್ಟ ಮಗುವಿನ ಮುಖ ನೋಡಿ ಒಂದು ಧನ್ಯವಾದ. ನಾಲ್ಕು ಗಂಟೆಗೆ ಎದ್ದು ಬಂದು ಕೈಚಾಚಿ ನಿಂತ ಶಾಲಾಮಕ್ಕಳು ಅವರು. ಉಗುಳುವುದಿದ್ದರೂ, ಮೂಗು ಸೀಟುವುದಿದ್ದರೂ ಅಂಚಿಗೆ ಬಂದು, ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು. ಇನ್ನು ಪ್ರತಿ ಮೇಜಿನಲ್ಲೂ ಹೊಟ್ಟೆ ತುಂಬ ಕುಡಿಯುವುದೂ ಅಪಾಯ. ಬರಿಯ ನೀರು ಮಿತಿಮೀರಿದರೆ ರಕ್ತದಲ್ಲಿ ಸೋಡಿಯಂ ತೆಳುವಾಗಿ ತಲೆ ಸುತ್ತುತ್ತದೆ, ಕೆಲವೊಮ್ಮೆ ಜೀವಕ್ಕೇ ಕುತ್ತು. ಬಾಯಾರಿಕೆಯನ್ನೇ ಅಳತೆಗೋಲು ಮಾಡಿಕೊಂಡೆ, ನಡುನಡುವೆ ಲವಣದ ಪಾನೀಯ.

ಪೆಡ್ಡರ್ ರಸ್ತೆಯ ಏರು ಮೊದಲ ಸಲ ಸಿಕ್ಕಾಗ ಕಾಲು ಹೊಸದಾಗಿತ್ತು, ಚಾಮುಂಡಿ ಬೆಟ್ಟದ ಮುಂದೆ ಇದೇನು ಎನ್ನಿಸಿತು. ಹಾಜಿ ಅಲಿ ದಾಟಿ, ವರ್ಲಿ ದಾಟಿ ಬಾಂದ್ರಾ–ವರ್ಲಿ ಸಮುದ್ರ ಸೇತುವೆಗೆ ಹತ್ತಿದೆ. 2009ರಲ್ಲಿ ತೆರೆದ ಈ ಐದೂವರೆ ಕಿಲೋಮೀಟರ್ ಚಿಲ್ಲರೆ ಉದ್ದದ ಸೇತುವೆಯ ಮೇಲೆ ಪಾದಚಾರಿಗಳಿಗೂ ದ್ವಿಚಕ್ರ ವಾಹನಗಳಿಗೂ ಪ್ರವೇಶವಿಲ್ಲ. ಅದರ ಮೇಲೆ ಕಾಲಿಡಲು ಮ್ಯಾರಥಾನ್‌ನಂಥ ದಿನವೇ ಬರಬೇಕು. ಅಲ್ಲಿರುವಾಗ ಬೆಳಕು ಹರಿಯಿತು. ತಂತಿಗಳ ನಡುವಿನಿಂದ ನಸುಗೆಂಪು, ಕೆಳಗೆ ಮೀನುದೋಣಿಗಳು, ಮೇಲೆ ಸಾವಿರಾರು ಶೂಗಳ ಒಂದೇ ಸಮನಾದ ಸಪ್ಪಳ. ಯಾರೂ ಮಾತನಾಡುತ್ತಿರಲಿಲ್ಲ. ದೇವಸ್ಥಾನದ ಗರ್ಭಗುಡಿಯ ಎದುರು ನಿಂತಂಥ ಮೌನ. ಚಿತ್ರ ತೆಗೆಯುವ ಆಸೆ ಯಾರಿಗೆ ತಾನೇ ಇರುವುದಿಲ್ಲ? ಆದರೆ ಓಟದ ನಡುಸಾಲಿನಲ್ಲಿ ಮೊಬೈಲ್ ಎತ್ತಿ ನಿಲ್ಲುವವರನ್ನು ಕಂಡಾಗಲೆಲ್ಲ ಆ ಹಿರಿಯರ ಅಂಗೈ ನೆನಪಾಗುತ್ತಿತ್ತು. ನಾನು ಕಟಾಂಜನದ ಅಂಚಿಗೆ ಸರಿದು ಒಂದೇ ಒಂದು ಚಿತ್ರ ತೆಗೆದೆ, ಗೆಳತಿಗಾಗಿ.

ಬಾಂದ್ರಾ ಮುಟ್ಟಿ ಮಾಹಿಮ್ ಕಡೆಗೆ ತಿರುಗಿದಾಗ ಊರು ಎದ್ದಿತ್ತು. ಮುಂಬೈಯ ಓಟಕ್ಕೆ ಇರುವ ಜೀವ ರಸ್ತೆಯ ಎರಡೂ ಬದಿಗೆ ನಿಂತ ಈ ಜನ. ಬ್ಯಾಂಡಿನವರು, ಢೋಲಿನವರು, ರಾತ್ರಿಯುಡುಪಿನಲ್ಲೇ ಬಂದು ಕಿತ್ತಳೆ ತೊಳೆ ಹಂಚುವ ಅಜ್ಜಿಯರು, ಉಪ್ಪಿನ ತಟ್ಟೆ ಹಿಡಿದ ಮಕ್ಕಳು, ಬಿಸ್ಕತ್ತು, ಚಿಕ್ಕಿ. 2004ರಿಂದ ನಡೆಯುತ್ತ ಬಂದ ಈ ಓಟ ಅವರಿಗೆ ಮನೆಬಾಗಿಲಿನ ಜಾತ್ರೆ. ಶಿವಾಜಿ ಪಾರ್ಕ್ ಬಳಿ ಒಂಬತ್ತುಗಜದ ಸೀರೆಯ ಮುದುಕಿ ಒಬ್ಬರು ಎಳ್ಳಿನ ಉಂಡೆ ಚಾಚಿ “ತಿಳಗುಳ ಘ್ಯಾ, ಗೋಡ್ ಗೋಡ್ ಬೋಲಾ” ಎಂದರು. ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತನಾಡು ಎಂದು ನಾಲ್ಕು ದಿನದ ಹಿಂದೆ ಮನೆಮನೆಗೆ ಬೀರಿ ಬಂದವಳು ನಾನು. ಮೇಜಿನ ಮೇಲಿನ ಡಬ್ಬಿ ಮುಟ್ಟದೆ ಬಂದವಳೂ ನಾನೇ. ಬೇಡ ಎನ್ನಲು ಬಾಯಿ ಬರಲಿಲ್ಲ. ತೆಗೆದುಕೊಂಡು, ಕಣ್ಣಿಗೊತ್ತಿ, ಜೆಲ್ ಇದ್ದ ಜೇಬಿಗೆ ಹಾಕಿಕೊಂಡೆ.

ಅದಾದ ಸ್ವಲ್ಪ ಹೊತ್ತಿಗೆ ಹಿಂದಿನಿಂದ ಮೋಟಾರ್‌ಬೈಕಿನ ಸದ್ದು, ಸ್ವಯಂಸೇವಕರ ಕೂಗು. ಎರಡು ಗಂಟೆಗೂ ಹೆಚ್ಚು ತಡವಾಗಿ ಹೊರಟ ಎಲೀಟ್ ಓಟಗಾರರು ನಮ್ಮನ್ನು ದಾಟುತ್ತಿದ್ದರು. ಅಂಚಿಗೆ ಸರಿದು ದಾರಿ ಬಿಟ್ಟು ಚಪ್ಪಾಳೆ ತಟ್ಟಿದೆವು. ನೆಲ ತಾಗುತ್ತಿದೆಯೋ ಇಲ್ಲವೋ ಎಂಬಂತೆ ಹೋದರು, ಅವರ ಉಸಿರಾಟ ಕೂಡ ಕೇಳಿಸಲಿಲ್ಲ. 2023ರಲ್ಲಿ ಇಥಿಯೋಪಿಯಾದ ಹೈಲೆ ಲೆಮಿ ಇಲ್ಲಿ 2 ಗಂಟೆ 7 ನಿಮಿಷ 32 ಸೆಕೆಂಡಿನಲ್ಲಿ ಓಡಿ ದಾಖಲೆ ಬರೆದದ್ದನ್ನು ಓದಿದ್ದೆ. ಅಂಥವರು ಓಡುವ ರಸ್ತೆಯಲ್ಲೇ, ಅದೇ ಬೆಳಿಗ್ಗೆ, ಮೈಸೂರಿನ ಬ್ಯಾಂಕ್ ಗುಮಾಸ್ತೆಯೂ ಓಡಬಹುದಾದ ಬೇರೆ ಯಾವ ಆಟವಿದೆ?

ಮೂವತ್ತು ದಾಟಿದ ಮೇಲೆ ಬಿಸಿಲು ಏರಿತು. ಮೈಸೂರಿನ ತಂಪಿಗೆ ಒಗ್ಗಿದ ಮೈಗೆ ಕಡಲ ತೀರದ ಸೆಕೆ ಒದ್ದೆ ಕಂಬಳಿ ಹೊದಿಸಿದಂತಿತ್ತು. ದೇಹ ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಕೂಡಿಟ್ಟ ಸಕ್ಕರೆ ಬಹಳ ಮಂದಿಗೆ ಸುಮಾರು ಇಲ್ಲಿಗೇ ಮುಗಿಯುತ್ತ ಬರುತ್ತದೆ. ಗೋಡೆಗೆ ಬಡಿದಂತೆ ಎನ್ನುತ್ತಾರೆ ಓಟಗಾರರು. ನನಗೆ ಬಾವಿಯಿಂದ ಹಗ್ಗ ಎಳೆಯುತ್ತಿದ್ದೇನೆ, ಹಗ್ಗ ಮಾತ್ರ ಬರುತ್ತಿದೆ, ಕೊಡ ಬರುತ್ತಿಲ್ಲ ಎಂಬಂತಾಗಿತ್ತು.

ಆಗಲೇ ಮುಂದೆ ಓಡುತ್ತಿದ್ದ ಯುವಕ ಓಲಾಡಿದ. ಎರಡು ಹೆಜ್ಜೆ ಅಡ್ಡ ಇಟ್ಟ, ಮೂರನೆಯದಕ್ಕೆ ಮೊಣಕಾಲು ಮಡಚಿ ಕುಸಿದ. ಕೆಲವರು ಅವನನ್ನು ಬಳಸಿಕೊಂಡು ಹೋದರು. ಅವರನ್ನು ದೂರುವುದಿಲ್ಲ, ಆ ಹೊತ್ತಿಗೆ ಕಣ್ಣಿಗೆ ರಸ್ತೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ನಾನೂ ಇನ್ನೊಬ್ಬ ಹುಡುಗಿಯೂ ನಿಂತೆವು. ಅವಳು ಕೈ ಎತ್ತಿ ಬೀಸುತ್ತ ವೈದ್ಯಕೀಯ ಸ್ವಯಂಸೇವಕರನ್ನು ಕೂಗಿದಳು. ನಾವಿಬ್ಬರೂ ಸೇರಿ ಅವನನ್ನು ಅಂಚಿನ ನೆರಳಿಗೆ ಸರಿಸಿದೆವು, ಕುತ್ತಿಗೆಯ ಮೇಲೆ, ಕಂಕುಳಲ್ಲಿ ಒದ್ದೆ ಸ್ಪಂಜು ಇಟ್ಟೆವು. ಸುತ್ತ ಗುಂಪು ಕಟ್ಟಿದವರನ್ನು ಗಾಳಿ ಬರಲಿ ಎಂದು ಬೇಡಿಕೊಂಡೆವು. ಎಬ್ಬಿಸಿ ನಡೆಸೋಣ ಎಂದರು ಒಬ್ಬರು, ಬೇಡ ಎಂದೆ. ಹೆಸರು ಕೇಳಿದರೆ ಅವನು ಏನೋ ಗೊಣಗಿದ, ಅರ್ಥವಾಗಲಿಲ್ಲ.

ವೈದ್ಯೆ ಓಡಿ ಬಂದರು. ನಾಡಿ ಹಿಡಿದು, ಇನ್ನೊಂದು ಕೈಯಲ್ಲಿ ಅವನ ಬಿಬ್ ಮಗುಚಿದರು.

ಖಾಲಿ.

ಅಚ್ಚಿನ ಗೆರೆಗಳು ಮಾತ್ರ. ಹೆಸರಿಲ್ಲ, ರಕ್ತದ ಗುಂಪಿಲ್ಲ, ಯಾರ ನಂಬರೂ ಇಲ್ಲ. ವೈದ್ಯೆ ತಲೆ ಎತ್ತಿ ನಮ್ಮತ್ತ ನೋಡಿ “ಇವರಿಗೆ ಸಕ್ಕರೆ ಕಾಯಿಲೆ ಇದೆಯೇ? ಯಾವುದಾದರೂ ಮಾತ್ರೆ?” ಎಂದರು. ನಮಗೇನು ಗೊತ್ತು? ಅವರ ಜೊತೆಗಿದ್ದವರು ನಂಬರನ್ನು ಫೋನಿನಲ್ಲಿ ಯಾರಿಗೋ ಓದಿ ಹೇಳಿ ಉತ್ತರಕ್ಕೆ ಕಾಯುತ್ತ ನಿಂತರು. ಆ ಒಂದೆರಡು ನಿಮಿಷ ನನ್ನ ಇಡೀ ಓಟದಲ್ಲೇ ಅತಿ ಉದ್ದದ ನಿಮಿಷಗಳು. ನನ್ನ ಕೈ ತಾನಾಗಿಯೇ ಎದೆಯ ಮೇಲಿನ ಬಿಬ್ ಮುಟ್ಟಿ ನೋಡಿಕೊಂಡಿತು. ಅದರ ಬೆನ್ನಿಗೆ ಅತ್ತೆ ಇದ್ದರು.

ಐಸ್ ಇಟ್ಟರು, ಕಾಲು ಎತ್ತಿ ಹಿಡಿದರು. ಸ್ವಲ್ಪ ಹೊತ್ತಿಗೆ ಅವನು ಕಣ್ಣು ಬಿಟ್ಟು ತನ್ನ ಹೆಸರು ಸ್ಪಷ್ಟವಾಗಿ ಹೇಳಿದ. ಓಡಬೇಕು ಎಂದು ಏಳಲು ಹೊರಟ, ವೈದ್ಯೆ ಭುಜ ಒತ್ತಿ ಮಲಗಿಸಿದರು. ಇನ್ನು ನಾವು ನೋಡಿಕೊಳ್ಳುತ್ತೇವೆ, ನೀವು ಹೋಗಿ ಎಂದರು. ಹೊರಡುವ ಮುಂಚೆ ಜೇಬಿನ ಎಳ್ಳಿನ ಉಂಡೆಯನ್ನು ಎರಡು ಮಾಡಿ ಆ ಹುಡುಗಿಗೆ ಅರ್ಧ ಕೊಟ್ಟೆ, ಅರ್ಧ ನಾನು ಬಾಯಿಗೆ ಹಾಕಿಕೊಂಡೆ. ಹೊಸದನ್ನು ತಿನ್ನಬಾರದೆಂಬ ನಿಯಮವನ್ನು ಮುರಿದದ್ದು ಅದೊಂದೇ ಸಲ. ಒಣಗಿದ ಬಾಯಲ್ಲಿ ಅದು ಕರಗಲು ಒಂದು ಕಿಲೋಮೀಟರ್ ಹಿಡಿಯಿತು.

ಪೆಡ್ಡರ್ ರಸ್ತೆ ಎರಡನೆಯ ಸಲ ಎದುರಾದದ್ದು 36ನೆಯ ಕಿಲೋಮೀಟರಿನ ಆಸುಪಾಸಿನಲ್ಲಿ. ಬೆಳಿಗ್ಗೆ ಕಂಡ ಏರು ಅದಲ್ಲವೇ ಅಲ್ಲ. ಓಡಲಾಗಲಿಲ್ಲ. ನಡೆಯುವುದಕ್ಕೂ ಕ್ರಮವಿದೆ. ಕೈ ಎತ್ತಿ ಹಿಂದಿನವರಿಗೆ ಸೂಚಿಸಿ, ನಿಧಾನಕ್ಕೆ ಅಂಚಿಗೆ ಬಂದು, ಆಮೇಲೆ ನಡೆಯಬೇಕು. ಮೂರು ನಾಲ್ಕು ಜನ ಕೈಕೈ ಹಿಡಿದು ರಸ್ತೆಯ ಅಡ್ಡಕ್ಕೆ ನಡೆಯಬಾರದು. ಬಾಲ್ಕನಿಗಳಿಂದ ಜನ ಕೂಗುತ್ತಿದ್ದರು, ಒಬ್ಬ ಬಾಲಕ ಪೈಪು ಹಿಡಿದು ಕೇಳಿದವರ ತಲೆಗೆ ಮಾತ್ರ ನೀರು ಹಾಯಿಸುತ್ತಿದ್ದ. ಕೇಳಿದೆ, ಹಾಯಿಸಿದ. ಎರಡು ಕಂಬ ನಡಿಗೆ, ಒಂದು ಕಂಬ ಓಟ, ಹಾಗೇ ಏರಿದೆ.

ಮೆರೈನ್ ಡ್ರೈವ್‌ನಲ್ಲಿ ನೆರಳು ಎಂಬುದೇ ಇರಲಿಲ್ಲ. ಐದೂವರೆಯ ಬಾವುಟ ಯಾವಾಗಲೋ ಮುಂದೆ ಹೋಗಿತ್ತು. ಹಿಂದೆ ಏಳು ಗಂಟೆಯ ಗಡುವು ಇನ್ನೂ ದೂರವಿತ್ತು. 42ರ ಫಲಕ ದಾಟಿದಾಗ ಮುಗಿಯಿತು ಎಂದುಕೊಂಡೆ, ಇನ್ನೂ 195 ಮೀಟರ್ ಉಳಿದಿತ್ತು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದಲ್ಲಿ ರಾಜಮನೆತನದವರು ಕುಳಿತ ಜಾಗದ ಮುಂದೆ ಮುಗಿಸಲು ಅಳೆದ ದೂರವಂತೆ ಈ 42 ಕಿಲೋಮೀಟರ್ 195 ಮೀಟರ್, 1921ರಲ್ಲಿ ಅದನ್ನೇ ಜಗತ್ತಿಗೆಲ್ಲ ಖಾಯಂ ಮಾಡಿದರು. ಆ 195 ಮೀಟರನ್ನು ಓಡಿಯೇ ಮುಗಿಸಿದೆ. 5 ಗಂಟೆ 43 ನಿಮಿಷ.

ಚಾಪೆ ತುಳಿದ ಕೂಡಲೇ ಅಲ್ಲೇ ಕುಸಿದು ಕೂರುವ ಆಸೆ ಎಷ್ಟು ಬಲವಾದದ್ದೆಂದರೆ ಕಾಲು ತಾವಾಗಿ ಮಡಚುತ್ತವೆ. ಕೂರಬಾರದು. ಹಿಂದಿನವರು ಪೂರ್ತಿ ವೇಗದಲ್ಲಿ ಬರುತ್ತಿರುತ್ತಾರೆ. ಥಟ್ಟನೆ ನಿಂತರೆ ರಕ್ತ ಕಾಲಿಗಿಳಿದು ತಲೆ ತಿರುಗುತ್ತದೆ. ಪುಢೇ ಚಲಾ ತಾಈ, ಎಂದು ನನಗೆ ನಾನೇ ಹೇಳಿಕೊಂಡು ನಡೆದೆ. ಪದಕ ಹಾಕಿದ ಹುಡುಗನಿಗೆ ನನ್ನ ಮಗನ ವಯಸ್ಸು. ಬಗ್ಗಲಾಗದ ನನಗಾಗಿ ಅವನೇ ತುದಿಗಾಲಲ್ಲಿ ನಿಂತು ಹಾಕಿದ.

ಮಾಟುಂಗದ ಮೆಟ್ಟಿಲುಗಳನ್ನು ಹಿಮ್ಮುಖವಾಗಿ, ಕಟಕಟೆ ಹಿಡಿದು ಹತ್ತಿದೆ. ಅತ್ತೆ ಬಿಸಿನೀರು ಕಾಯಿಸಿ, ಹರಳೆಣ್ಣೆ ಬೆಚ್ಚಗೆ ಮಾಡಿ ಇಟ್ಟಿದ್ದರು. ಪದಕವನ್ನು ದೇವರ ಮುಂದೆ ಇಟ್ಟು ಬಂದು, ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಒಂದೊಂದಾಗಿ ನಾಲ್ಕು ಪಿನ್ ಬಿಚ್ಚಿದರು. ಬಿದ್ದ ಹುಡುಗನ ವಿಷಯ ಹೇಳಿದೆ. ಅವರು ಮಾತಾಡಲಿಲ್ಲ. ಬಿಬ್ ತಿರುಗಿಸಿ ಕಿಟಕಿಯ ಬೆಳಕಿಗೆ ಹಿಡಿದರು. ಬೆವರಿಗೆ ಶಾಯಿ ಹರಡಿ ನನ್ನ ಹೆಸರು ಅರ್ಧ ಅಳಿಸಿತ್ತು, ರಕ್ತದ ಗುಂಪು ಮಸುಕಾಗಿತ್ತು. ಅವರ ನಂಬರ್ ಮಾತ್ರ ಓದುವಂತಿತ್ತು.

“ಇಂಕಿನ ಪೆನ್ನು ಕೊಟ್ಟುಬಿಟ್ಟೆಯಲ್ಲೇ” ಎಂದರು ಅತ್ತೆ. “ಮುಂದಿನ ಸಲ ಬರುವಾಗ ಅಳಿಸದ ಪೆನ್ನು ತೆಗೆದುಕೊಂಡು ಬಾ.”